ಬಟ್ಟೆಯಲ್ಲಿ ಸೋಸಿದ ಕುಂಬಳಕಾಯಿ

ನಮ್ಮ ಮಾವನವರು ಯಾವ ಕೆಲಸವನ್ನೂ ಕುಳಿತು ಮಾಡುತ್ತಿರಲಿಲ್ಲ. ಕಾಫಿ ಕುಡಿಯುವುದು, ದಿನಪತ್ರಿಕೆ ಓದುವುದು, ಅವರೆಕಾಯಿ ಸುಲಿಯುವುದು ಎಲ್ಲವೂ ನಿಂತೇ ನಡೆಯುತ್ತಿದ್ದವು. ಕಾಲುಗಳನ್ನು ಸ್ವಲ್ಪ ಅಗಲಿಸಿ, ಎಡ ಭುಜವನ್ನು ಅಡುಗೆಮನೆಯ ಬಾಗಿಲಿಗೆ ಆನಿಸಿ, ನೆಲ ಯಾವ ಗಳಿಗೆಯಲ್ಲಾದರೂ ಕುಲುಕಬಹುದೆಂಬಂತೆ ಮೊಣಕಾಲು ಸಡಿಲ ಬಿಟ್ಟು ನಿಲ್ಲುತ್ತಿದ್ದರು. ಬಂದ ನೆಂಟರು ಯಾರಾದರೂ ಕುರ್ಚಿ ಎಳೆದು, "ಕೂತ್ಕಳಿ ಮಾದಯ್ಯಾರೆ" ಎಂದರೆ, "ಕೂತ್ರೆ ನಿದ್ದೆ ಬತ್ತದೆ, ನಿದ್ದೆ ಬಂದ್ರೆ ಸ್ಟಾಪು ಓಯ್ತದೆ" ಎಂದು ಹೇಳಿ ಕುರ್ಚಿಯನ್ನು ಅವರಿಗೇ ತಿರುಗಿಸಿ ಇಡುತ್ತಿದ್ದರು.

ಸದರಿ ಮಾದಯ್ಯನವರು ನಿವೃತ್ತ ಬಸ್ ಕಂಡಕ್ಟರ್. ತಮ್ಮ ಸೇವಾವಧಿಯ ಬಹುಭಾಗವನ್ನು ನಂಜನಗೂಡು ಮತ್ತು ತಿ. ನರಸೀಪುರದ ನಡುವೆ ಓಡುವ ಬಸ್ಸಿನಲ್ಲಿ ನಿಂತೇ ಕಳೆದವರು. ನಾನು ಅವರ ಸೊಸೆ. ಕಚೇರಿಯ ಪತ್ರಗಳನ್ನಲ್ಲದೆ ಬೇರೇನನ್ನೂ ಈವರೆಗೆ ಬರೆದವಳಲ್ಲ. ಆದ್ದರಿಂದ ಈ ಬರಹದ ಶೈಲಿಯಲ್ಲಿ ಕಂಡುಬರಬಹುದಾದ ಲೋಪಗಳನ್ನು ಓದುಗರು ಮನ್ನಿಸಬೇಕೆಂದು ಮೊದಲಿಗೇ ಕೋರುತ್ತೇನೆ. ಮಾವನವರು ನನಗೆ ಮಾಡಿದ ಉಪಕಾರವನ್ನು ಅವರ ಎದುರಿಗೆ ಹೇಳಲು ಅವರು ಎಂದೂ ಅವಕಾಶ ಕೊಡಲಿಲ್ಲ. ಹೇಳಲು ಹೊರಟಾಗಲೆಲ್ಲ "ಮುಂದಕ್ಕೋಗವ್ವ, ಇಂದ್ಗಡೆ ಜನ ಅವ್ರೆ" ಎಂದುಬಿಡುತ್ತಿದ್ದರು. ಈಗ ಹಾಗೆ ತಡೆಯುವವರು ಇಲ್ಲದಿರುವುದರಿಂದ ಇದನ್ನು ದಾಖಲಿಸುತ್ತಿದ್ದೇನೆ.

ವಿಷಯದ ಹಿನ್ನೆಲೆ ಈ ಕೆಳಕಂಡಂತಿದೆ. ನನ್ನ ಮಗಳು ಹುಟ್ಟಿದಾಗ ನಾನು ತಿ. ನರಸೀಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಪ್ರೊಬೇಷನ್ ಅವಧಿಯಲ್ಲಿದ್ದೆ. ಮನೆ ನಂಜನಗೂಡಿನಲ್ಲಿ. ನನ್ನ ತಾಯಿ ನಾನು ಓದುತ್ತಿದ್ದಾಗಲೇ ತೀರಿಕೊಂಡಿದ್ದರು. ಅತ್ತೆಯವರನ್ನು ನಾನು ಫೋಟೋದಲ್ಲಿ ಮಾತ್ರ ಕಂಡಿದ್ದೇನೆ. ಪತಿ ಮಹೇಶ್ ಅವರದು ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ಹೀಗಾಗಿ ಹೆರಿಗೆ ರಜೆ ಮುಗಿದ ಮೇಲೆ ಮಗುವನ್ನು ಹಗಲು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಗೆ ಮನೆಯಲ್ಲಿ ಉತ್ತರವಿರಲಿಲ್ಲ. ಮಗುವೋ, ನನ್ನ ಎದೆಹಾಲನ್ನಲ್ಲದೆ ಬೇರೇನನ್ನೂ ಒಪ್ಪುತ್ತಿರಲಿಲ್ಲ. ಬಾಟಲಿಯನ್ನು ಕಂಡರೆ ಮುಖ ತಿರುಗಿಸುತ್ತಿದ್ದಳು. ಆರು ತಿಂಗಳು ತುಂಬಿ ರಾಗಿ ಸರಿ ಕಾಯಿಸಿ ಕೊಟ್ಟರೆ ಅದನ್ನು ನನ್ನ ಸೀರೆಯ ಮೇಲೆಯೇ ಹಿಂದಿರುಗಿಸುತ್ತಿದ್ದಳು.

ಬೀದಿಯವರ ಅಭಿಪ್ರಾಯ ಒಂದೇ ಆಗಿತ್ತು. ಪಕ್ಕದ ಮನೆಯ ಜವರಮ್ಮ, ಹಸು ಸಾಕಿಕೊಂಡು ಬೀದಿಗೆಲ್ಲ ಹಾಲು ಹಾಕುವವರು, ಒಂದು ಬೆಳಿಗ್ಗೆ ಹಾಲಿನ ಪಾತ್ರೆ ಇಡುತ್ತಲೇ ತೀರ್ಪು ಕೊಟ್ಟರು. "ಕೆಲ್ಸ ಬುಟ್ಬುಡವ್ವ. ಮಗೀಗಿಂತ ಎಚ್ಚಾ ಅದು? ಇವತ್ತಲ್ಲ ನಾಳೆ ಇನ್ನೊಂದು ಸಿಕ್ತದೆ."

ಇನ್ನೊಂದು ಸಿಗುವುದಿಲ್ಲ ಎಂಬುದು ನನಗೆ ತಿಳಿದಿತ್ತು. ಈ ಒಂದಕ್ಕಾಗಿ ಮದುವೆಗೆ ಮೊದಲು ಎಷ್ಟು ಪರೀಕ್ಷೆಗಳನ್ನು ಬರೆದಿದ್ದೆನೆಂಬುದು ನನಗೂ ನನ್ನ ತಂದೆಗೂ ಮಾತ್ರ ಗೊತ್ತು. ಬಾಗಿಲಿಗೆ ಒರಗಿ ನಿಂತಿದ್ದ ಮಾವನವರು ಕಾಫಿ ಲೋಟವನ್ನು ಕೆಳಗಿಟ್ಟರು.

"ಜವರಮ್ಮ, ಓದ ಬಸ್ಸು ವಾಪಸ್ ಬತ್ತದೆ ಅಂತ ನಿಂಗ್ಯಾರ್ ಯೋಳಿದ್ರು? ನಾನ್ ಅಷ್ಟ್ ವರ್ಸ ಬಸ್ಸಲ್ಲಿ ಇದ್ದೋನು. ನಂಗೇ ಗೊತ್ತಿಲ್ಲ."

"ಮತ್ತೆ ಮಗೀಗೆ ಊಟ ಇಕ್ಕೋರ್ಯಾರು? ನೀವಾ?"

"ಊಂ. ನಾನೇ."

ಜವರಮ್ಮ ನಕ್ಕ ನಗು ಬೀದಿಯ ತುದಿಯವರೆಗೂ ಕೇಳಿಸಿರಬೇಕು. "ಕಾಫಿ ಕಾಯ್ಸಕ್ಕೆ ಓದ್ರೆ ಆಲು ಉಕ್ಕಿಸ್ತೀರಿ. ಒಲೆ ಒರ್ಸಕ್ಕೆ ಇನ್ನೊಬ್ರು ಬೇಕು. ಮಗೀಗೆ ಅಡ್ಗೆ ಮಾಡಾರಂತೆ, ಕಂಡಕ್ಟ್ರು!"

ಜವರಮ್ಮನ ಮಾತಿನಲ್ಲಿ ಅಸತ್ಯವೇನೂ ಇರಲಿಲ್ಲ ಎಂಬುದನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಮಾವನವರಿಗೆ ಅಡುಗೆ ಬರುತ್ತಿರಲಿಲ್ಲ. ಆದರೆ ಅವರಿಗೆ ನಿಯಮಗಳ ಮೇಲೆ ಅಪಾರ ಗೌರವವಿತ್ತು. ಲಸಿಕೆಗೆ ಹೋದಾಗ ಡಾಕ್ಟರಮ್ಮ ಹೇಳಿದ್ದನ್ನು ಅವರು ಆಸ್ಪತ್ರೆಯಿಂದ ಮನೆಯವರೆಗೂ ಬಾಯಿಪಾಠ ಮಾಡುತ್ತ ಬಂದರು. ಎದೆಹಾಲು ಹೇಗೂ ಇರಲಿ. ಅದರ ಜೊತೆಗೆ ಬೇಯಿಸಿದ ತರಕಾರಿ, ಮಾಗಿದ ಹಣ್ಣು. ಮೊದಮೊದಲು ತೆಳ್ಳಗೆ. ಒಂದು ಸಲಕ್ಕೆ ಒಂದೇ ಬಗೆ, ಅದು ಒಗ್ಗಿತೋ ಇಲ್ಲವೋ ಎಂದು ಕೆಲವು ದಿನ ನೋಡಿ ಆಮೇಲೆ ಇನ್ನೊಂದು. ವರ್ಷ ತುಂಬುವವರೆಗೆ ಉಪ್ಪು ಬೇಡ, ಸಕ್ಕರೆ ಬೇಡ, ಜೇನುತುಪ್ಪವಂತೂ ಬೇಡವೇ ಬೇಡ.

ಇವೆಲ್ಲ ಮನೆಗೆ ತಲುಪುವಷ್ಟರಲ್ಲಿ ಬಸ್ಸಿನ ಕಾನೂನುಗಳಾಗಿ ಮಾರ್ಪಟ್ಟಿದ್ದವು. "ಒಬ್ಬೊಬ್ರೇ ಅತ್ತಬೇಕು ಕಣವ್ವ. ಮೊದ್ಲು ಕ್ಯಾರೆಟ್ಟು ಅತ್ತಲಿ, ಸೀಟಲ್ಲಿ ಕೂತ್ಕಳ್ಲಿ, ಗಲಾಟೆ ಮಾಡ್ತದಾ ನೋಡಾನ. ಆಮೇಕೆ ಕುಂಬಳಕಾಯಿ. ಎಲ್ರನ್ನೂ ಒಟ್ಗೆ ಅತ್ತಿಸ್ಕಂಡ್ರೆ, ಜಗಳ ಆದಾಗ ಯಾರು ಮಾಡಿದ್ದು ಅಂತ ಎಂಗೆ ಕಂಡಿಡಿಯಾದು?"

ಜವರಮ್ಮ ಒಂದು ದಿನ ಬೆಲ್ಲದ ಅಚ್ಚನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದರು. "ಸಪ್ಪೆ ತರಕಾರಿ ನೀವ್ ತಿಂತೀರಾ? ಮಗ ಎಂಗ್ ತಿಂತದೆ? ವಸಿ ಬೆಲ್ಲ ಆಕಿ."

"ಬೆಲ್ಲಕ್ಕೆ ನಮ್ ಬಸ್ಸಲ್ಲಿ ಜಾಗ ಇಲ್ಲ" ಎಂದರು ಮಾವನವರು. "ವರ್ಸ ಆದ್ಮೇಕೆ ಬರಕ್ಕೇಳು."

"ಆಯ್ತು, ನನ್ಗಾರ ಒಂದ್ ಲೋಟ ಕಾಫಿ ಕೊಡಿ. ಅದ್ಕೆ ಆಕೋವ ಈ ಬೆಲ್ಲವ."

ಕಾಫಿಯನ್ನು ನಾನೇ ಮಾಡಿಕೊಟ್ಟೆ. ಬೆಲ್ಲ ಅದರಲ್ಲಿ ಕರಗಿತು.

ನಾನು ಕೆಲಸಕ್ಕೆ ಹಾಜರಾದ ದಿನದಿಂದ ಮಾವನವರ ದಿನಚರಿ ಹೀಗಿತ್ತು. ಇಡ್ಲಿ ಪಾತ್ರೆಯಲ್ಲಿ ನೀರು ಕುದಿಸಿ, ತಟ್ಟೆಯ ಮೇಲೆ ತರಕಾರಿ ಹೋಳುಗಳನ್ನು ಹಬೆಯಲ್ಲಿ ಬೇಯಿಸುತ್ತಿದ್ದರು. ಬೆರಳಿನಿಂದ ಒತ್ತಿ, ಬೆಣ್ಣೆಯಂತೆ ಕುಸಿದರೆ ಮಾತ್ರ ಇಳಿಸುತ್ತಿದ್ದರು. ಸೊಪ್ಪು ಮಸೆಯುವ ಮರದ ಕಡೆಗೋಲನ್ನು ಬಿಸಿನೀರಿನಲ್ಲಿ ತೊಳೆದು, ಕುದಿಸಿ ಆರಿಸಿದ ನೀರು ಹಾಕಿಕೊಂಡು ನಿಧಾನವಾಗಿ ಮಸೆಯುತ್ತಿದ್ದರು. ಮಿಕ್ಸಿಯನ್ನು ನಂಬುತ್ತಿರಲಿಲ್ಲ. "ಅದು ಡ್ರೈವರ್ ಇಲ್ದಿರ ಗಾಡಿ. ನಿಲ್ಸು ಅಂದ್ರೆ ನಿಲ್ಲಾಕಿಲ್ಲ." ಇದಿಷ್ಟೂ ಸರಿಯಾಗಿಯೇ ಇತ್ತು. ತಪ್ಪು ನಡೆದದ್ದು ಇದರ ನಂತರದ ಹಂತದಲ್ಲಿ. ಆ ಹಂತ ಹಿತ್ತಲಿನಲ್ಲಿ, ನಾನು ಬಸ್ ಹತ್ತಿದ ಮೇಲೆ ನಡೆಯುತ್ತಿದ್ದುದರಿಂದ ನನ್ನ ಗಮನಕ್ಕೆ ಬಂದಿರಲಿಲ್ಲ.

ನನಗೆ ಕಾಣುತ್ತಿದ್ದುದು ಫಲಿತಾಂಶ ಮಾತ್ರ. ಭಾನುವಾರಗಳಲ್ಲಿ ನಾನು ಏಳುವ ಮೊದಲೇ ಒಂದು ಪುಟ್ಟ ಸ್ಟೀಲ್ ಲೋಟದಲ್ಲಿ ಕೇಸರಿ ಬಣ್ಣದ ದ್ರವ ಸಿದ್ಧವಾಗಿರುತ್ತಿತ್ತು. ಮಾವನವರು ನಿಂತುಕೊಂಡು, ಮಗುವನ್ನು ಎಡಗೈಯಲ್ಲಿ ಒರಗಿಸಿಕೊಂಡು, ಹಾಲು ಕುಡಿಸುವ ಒಳಲೆಯ ಕೊಕ್ಕನ್ನು ತುಟಿಗೆ ಹಿಡಿಯುತ್ತಿದ್ದರು. ಮಗು ಗುಟುಗುಟು ಕುಡಿಯುತ್ತಿದ್ದಳು. "ಒಳಗೋಗಿ, ಒಳಗೋಗಿ" ಎನ್ನುತ್ತಿದ್ದರು ಅವರು. ಲೋಟ ಖಾಲಿಯಾದಾಗ "ರೈಟ್!" ಎಂದು ಬಾಗಿಲನ್ನು ಬಡಿಯುತ್ತಿದ್ದರು. ನಾವೆಲ್ಲರೂ ಸಂತೋಷಪಟ್ಟೆವು. ಡಾಕ್ಟರಮ್ಮ ಹೇಳಿದ್ದ 'ತೆಳ್ಳಗೆ' ಇದೇ ಇರಬೇಕೆಂದು ನಾನು ಭಾವಿಸಿದೆ.

ಆದರೆ ಮಗು ಸಂತೋಷವಾಗಿರಲಿಲ್ಲ. ಬೆಳಿಗ್ಗೆ ನಾನು ಹೊರಡುವಾಗ ಅಳುತ್ತಿದ್ದಳು. ಸಂಜೆ ಬಂದಾಗಲೂ ಅಳುತ್ತಲೇ ಇರುತ್ತಿದ್ದಳು. ನಾನು ಬ್ಯಾಗು ಇಳಿಸುವ ಮೊದಲೇ ಎದೆಗೆ ಬಿದ್ದು, ಎಷ್ಟು ಹೊತ್ತಾದರೂ ಬಿಡುತ್ತಿರಲಿಲ್ಲ. ಮುಂದಿನ ಸಲ ತೂಕ ಮಾಡಿದಾಗ ಡಾಕ್ಟರಮ್ಮ ತಕ್ಕಡಿಯನ್ನು ಎರಡೆರಡು ಸಲ ನೋಡಿದರು. ಏರಬೇಕಾದಷ್ಟು ಏರಿಲ್ಲ, ಮನೆಯಲ್ಲಿ ಏನು ಕೊಡುತ್ತೀರಿ ಎಂದು ಕೇಳಿದರು.

ಮಾವನವರು ಎದೆ ಉಬ್ಬಿಸಿ ಹೇಳಿದರು. "ಎಲ್ಲಾ ಕೊಡ್ತೀವಿ ಮೇಡಂ. ಕ್ಯಾರೆಟ್ಟು, ಕುಂಬಳಕಾಯಿ, ಗೆಣಸು, ಸೇಬು. ಒಂದ್ ತೊಟ್ಟೂ ಉಳ್ಸಾಕಿಲ್ಲ ನನ್ ಮೊಮ್ಮಗಳು."

ಡಾಕ್ಟರಮ್ಮ ಹುಬ್ಬುಗಂಟಿಕ್ಕಿ, ಮುಂದಿನ ತಿಂಗಳು ನೋಡೋಣ, ಹೀಗೇ ಇದ್ದರೆ ರಕ್ತಪರೀಕ್ಷೆ ಮಾಡಿಸೋಣ ಎಂದರು. ಎಲ್ಲವನ್ನೂ ತಿನ್ನುತ್ತಿರುವ ಮಗುವಿಗೆ ಮೈ ಹತ್ತುತ್ತಿಲ್ಲವೆಂದರೆ ಇಲ್ಲದಿರುವುದು ತಾಯಿಯೊಬ್ಬಳೇ ಎಂದು ನನ್ನ ಮನಸ್ಸು ಲೆಕ್ಕ ಹಾಕಿಬಿಟ್ಟಿತ್ತು. ಸಂಜೆ ನಾನು ನನ್ನ ತೀರ್ಮಾನವನ್ನು ಪತಿಗೂ ಮಾವನವರಿಗೂ ತಿಳಿಸಿದೆ. ತಿಂಗಳ ಕೊನೆಗೆ ರಾಜೀನಾಮೆ ಸಲ್ಲಿಸುತ್ತೇನೆ ಎಂದೆ. ಮಹೇಶ್ ತಲೆ ತಗ್ಗಿಸಿದರು. ಮಾವನವರು ಬಾಗಿಲಿಗೆ ಒರಗಿ ನಿಂತೇ ಇದ್ದರು. ಆ ದಿನ ಅವರು ಊಟಕ್ಕೆ ಕರೆದರೂ ಬರಲಿಲ್ಲ.

ಇದಾದ ಎರಡು ಮೂರು ದಿನಗಳಲ್ಲಿಯೇ, ಹಬ್ಬದ ರಜೆಯೊಂದು ಬಂದು ನಾನು ಮನೆಯಲ್ಲಿದ್ದಾಗ, ಜವರಮ್ಮ ಹಿತ್ತಲ ಬೇಲಿಯಾಚೆಯಿಂದ ಕೂಗಿದರು.

"ಮಾದಯ್ಯಾರೆ, ನಿಮ್ ಮೊಮ್ಮಗಳ ಕತೆ ಏನೋ ನಾ ಕಾಣೆ. ನಮ್ ಕರ ಮಾತ್ರ ಮೈ ತುಂಬ್ಕಂಡು ಕುಣೀತದೆ ಕಣ್ರೀ!"

"ಕರೂಗೇನಾಯ್ತು?"

"ಏನಾಯ್ತಾ? ದಿನಾ ಬೆಳ್ಗಾದ್ರೆ ಬೇಯ್ಸಿದ್ ಕ್ಯಾರೆಟ್ಟು, ಬೇಯ್ಸಿದ್ ಕುಂಬಳಕಾಯಿ, ಸಿಪ್ಪೆ ತೆಗ್ದಿರ ಸೇಬು! ಅದ್ರ ಅವ್ವ, ಅಜ್ಜಿ ಯಾರೂ ಕಂಡಿರ್ನಿಲ್ಲ ಈ ಭಾಗ್ಯವ. ಈಗ ಉಲ್ಲು ಆಕುದ್ರೆ ನನ್ ಮಕ ನೋಡ್ತದೆ, ಸೇಬೆಲ್ಲಿ ಅಂತ."

ನಾನು ಹಿತ್ತಲಿಗೆ ಬಂದು ನೋಡಿದೆ. ಮಾವನವರು ಬಟ್ಟೆ ಒಗೆಯುವ ಕಲ್ಲಿನ ಬಳಿ ನಿಂತಿದ್ದರು. ಅವರ ಕೈಯಲ್ಲಿ ತೆಳುವಾದ ಬಿಳಿ ಪಂಚೆಯ ತುಂಡು ಇತ್ತು. ಅದರೊಳಗೆ ಮಸೆದ ಕುಂಬಳಕಾಯಿಯನ್ನು ಕಟ್ಟಿ, ಎರಡೂ ಕೈಯಿಂದ ಹಿಂಡಿ, ಬಣ್ಣದ ನೀರನ್ನು ಲೋಟಕ್ಕೆ ಇಳಿಸಿದ್ದರು. ಬಟ್ಟೆಯಲ್ಲಿ ಉಳಿದ ತಿರುಳನ್ನು ಜವರಮ್ಮನ ಕಲಗಚ್ಚಿನ ಬಾನಿಗೆ ಹಾಕಲು ಬೇಲಿಯತ್ತ ಕೈ ಚಾಚಿದವರು ಹಾಗೆಯೇ ನಿಂತುಬಿಟ್ಟರು.

ನಮ್ಮ ಕಡೆಯ ಮನೆಗಳಲ್ಲಿ ರಾಗಿ ಸರಿಗೆ ಮೊಳಕೆ ರಾಗಿಯನ್ನು ಅರೆದು ತೆಳುಬಟ್ಟೆಯಲ್ಲಿ ಸೋಸಿ ಹಾಲು ತೆಗೆಯುವುದು ರೂಢಿ. ಹೊಟ್ಟು ಬಟ್ಟೆಯಲ್ಲಿ ಉಳಿಯುತ್ತದೆ, ಅದು ದನಕ್ಕೆ; ಸತ್ವವೆಲ್ಲ ಹಾಲಿಗೆ ಇಳಿಯುತ್ತದೆ, ಅದು ಮಗುವಿಗೆ. ಅತ್ತೆಯವರು ತಮ್ಮ ಮಗನಿಗೆ ಹೀಗೆ ಮಾಡುತ್ತಿದ್ದುದನ್ನು ಮಾವನವರು ಕಂಡಿದ್ದರು. ಮಗುವಿನ ಊಟವೆಂದರೆ ಬಟ್ಟೆಯಲ್ಲಿ ಸೋಸಿದ್ದು ಎಂದಷ್ಟೇ ಅವರ ನೆನಪಿನಲ್ಲಿ ಉಳಿದಿತ್ತು. ಗಂಟಲಿಗೆ ಏನಾದರೂ ಸಿಕ್ಕಿಕೊಂಡೀತೆಂಬ ಭಯ ಬೇರೆ. ಕ್ಯಾರೆಟ್ಟನ್ನೂ ಕುಂಬಳವನ್ನೂ ಗೆಣಸನ್ನೂ ರಾಗಿಯಂತೆಯೇ ಹಿಂಡಿ, ತಿರುಳನ್ನೆಲ್ಲ ಕರುವಿಗೆ ಕೊಟ್ಟು, ಬಣ್ಣದ ನೀರನ್ನು ಮಗುವಿಗೆ ಕುಡಿಸುತ್ತಿದ್ದರು.

ಅವರು ಕೈಯಲ್ಲಿದ್ದ ಮುದ್ದೆಯನ್ನು ನೋಡಿದರು. ಚಿಟಿಕೆಯಷ್ಟು ಬಾಯಿಗೆ ಹಾಕಿಕೊಂಡರು. ಲೋಟದ ನೀರನ್ನೂ ಒಂದು ಗುಟುಕು ಕುಡಿದರು. ಆಮೇಲೆ ನನ್ನ ಕಡೆ ತಿರುಗಿದರು. ಅವರ ಮುಖ ನಾನು ಎಂದೂ ಕಾಣದಷ್ಟು ಚಿಕ್ಕದಾಗಿತ್ತು.

"ಜನನ್ನೆಲ್ಲ ದಾರೀಲೇ ಇಳಿಸ್ಬುಟ್ಟು, ಬರೀ ಬಸ್ಸ ತಂದು ಡಿಪೋಲಿ ನಿಲ್ಸಿವ್ನಿ ಕಣವ್ವ" ಎಂದರು. "ರೈಟ್ ರೈಟ್ ಅಂತ ಬೇರೆ ಕೂಗಿವ್ನಿ."

ಬೇಲಿಯಾಚೆ ಜವರಮ್ಮನಿಗೂ ವಿಷಯ ಅರ್ಥವಾಯಿತು. ಅವರು ನಗಲಿಲ್ಲ. "ಬುಡಿ ಮಾದಯ್ಯಾರೆ, ನಮ್ ಕರೂನೂ ಮಗೀನೇ ಅಲ್ವಾ" ಎಂದು ಮೆಲ್ಲಗೆ ಹೇಳಿ ಒಳಗೆ ಹೋದರು. ಜವರಮ್ಮನಂಥವರೂ ಮಾತು ನುಂಗಿದ ಆ ಗಳಿಗೆಯನ್ನು ನೆನೆದರೆ ಈಗಲೂ ನನಗೆ ಅವರ ಮೇಲೆ ಗೌರವ ಮೂಡುತ್ತದೆ.

ಕಾರಣ ತಿಳಿದದ್ದರಿಂದ ಸಮಸ್ಯೆ ಬಗೆಹರಿಯಿತು ಎಂದು ಭಾವಿಸಿದ್ದು ನಮ್ಮ ಆತುರವಾಗಿತ್ತು. ಮರುದಿನದಿಂದ ಸೋಸದೆ ಮಸೆದ ತರಕಾರಿಯನ್ನು ಚಮಚದಲ್ಲಿ ಕೊಟ್ಟರೆ, ಕುಡಿದು ರೂಢಿಯಾಗಿದ್ದ ಮಗು ಅದನ್ನು ನಾಲಿಗೆಯಿಂದ ಹೊರದೂಡತೊಡಗಿದಳು. ಮಾವನವರು ನಿಂತು, ಬಗ್ಗಿ, ಮೇಲಿನಿಂದ ಚಮಚ ತರುತ್ತಿದ್ದರು. ಅವಳು ತುಟಿ ಬಿಗಿಹಿಡಿದು ಕತ್ತು ಹೊರಳಿಸುತ್ತಿದ್ದಳು. ಗೋಡೆಯ ಮೇಲೆ ಕುಂಬಳಕಾಯಿ, ಅವರ ಮೀಸೆಯಲ್ಲಿ ಗೆಣಸು. ತಿಂಗಳ ಕೊನೆ ಹತ್ತಿರವಾಗುತ್ತಿತ್ತು. ಕಚೇರಿಯಲ್ಲಿ ನಾನು ರಾಜೀನಾಮೆಯ ವಾಕ್ಯಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ.

"ವಸಿ ತಡಿ ಮಗಾ" ಎಂದು ಒಂದು ಬೆಳಿಗ್ಗೆ ಮಾವನವರು ನನ್ನನ್ನು ಬಾಗಿಲಲ್ಲಿ ತಡೆದರು. ಅವರು ಯಾರಲ್ಲೂ ಏನನ್ನೂ ಕೇಳಿಕೊಂಡವರಲ್ಲ. "ನಂದ್ ತಪ್ಪಿಗೆ ನೀ ಯಾಕೆ ಇಳೀಬೇಕು? ಮುಂದಿನ್ ಸ್ಟಾಪ್‌ಗಂಟ ಬಾ. ಅಲ್ಲೂ ಆಗ್ದಿದ್ರೆ ನಾನೇ ಸೀಟಿ ಒಡೀತೀನಿ."

ನಾನು ಒಪ್ಪಿದೆ.

ಆ ವಾರದ ಭಾನುವಾರ ನಾನು ಕಂಡ ದೃಶ್ಯವನ್ನು ಯಥಾವತ್ತಾಗಿ ವರದಿ ಮಾಡಲು ಪ್ರಯತ್ನಿಸುತ್ತೇನೆ. ನಾನು ಬಟ್ಟೆ ಒಣಹಾಕಿ ಒಳಬಂದಾಗ ಮಾವನವರು ಅಡುಗೆಮನೆಯ ನೆಲದ ಮೇಲೆ ಕುಳಿತಿದ್ದರು. ಮದುವೆಯಾಗಿ ಬಂದ ಮೇಲೆ ಅವರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಎದುರಿಗೆ ಮಗು, ಬೆನ್ನಿಗೆ ದಿಂಬು. ನಡುವೆ ಒಂದೇ ಬಟ್ಟಲು, ಅದರಲ್ಲಿ ಮಸೆದ ಕುಂಬಳಕಾಯಿ. ಚಮಚಗಳು ಮಾತ್ರ ಎರಡು. ಅವರು ಒಂದು ಚಮಚದಲ್ಲಿ ತೆಗೆದು ತಾವೇ ತಿಂದರು. ನಿಧಾನವಾಗಿ ಚಪ್ಪರಿಸಿದರು. ಮಗುವಿಗೆ ಕೊಡಲಿಲ್ಲ. ಇನ್ನೊಂದು ಚಮಚ ತೆಗೆದು ಅದನ್ನೂ ತಾವೇ ತಿಂದರು. ಉಪ್ಪಿಲ್ಲದ, ಖಾರವಿಲ್ಲದ ಆ ಮುದ್ದೆಯನ್ನು, ಸಾರಿಗೆ ಒಗ್ಗರಣೆ ಸ್ವಲ್ಪ ಕಡಿಮೆಯಾದರೂ ತಟ್ಟೆ ಸರಿಸುವ ಆ ಮನುಷ್ಯ, ಔತಣದಂತೆ ತಿನ್ನುತ್ತಿದ್ದರು.

ಮಗು ಅವರ ಬಾಯನ್ನೇ ನೋಡುತ್ತಿದ್ದಳು. ಆಮೇಲೆ ಬಟ್ಟಲನ್ನು ನೋಡಿದಳು. ಆಮೇಲೆ ಇಡೀ ಅಂಗೈಯನ್ನು ಕುಂಬಳಕಾಯಿಯೊಳಗೆ ಅದ್ದಿದಳು.

ನಾನು ಒರೆಸಲು ಬಟ್ಟೆ ತರಲು ತಿರುಗಿದೆ. "ಅಲ್ಲೇ ನಿಂತ್ಕೊ" ಎಂದರು ಮಾವನವರು, ಮಗುವಿನ ಮೇಲಿಂದ ಕಣ್ಣು ತೆಗೆಯದೆ. ಮಗು ಕೈಯನ್ನು ಬಾಯಿಗಿಟ್ಟಳು. ಮುಖ ಕಿವುಚಿದಳು. ಯೋಚಿಸಿದಳು. ಮತ್ತೆ ಕೈ ಅದ್ದಿದಳು. ಮೂಗು, ಹುಬ್ಬು, ಕಿವಿ, ಎಲ್ಲ ಕೇಸರಿ. ಅವರು ಎರಡನೆಯ ಚಮಚದ ತುದಿಯಲ್ಲಿ ಸ್ವಲ್ಪ ತೆಗೆದು, ಅವಳ ಬಾಯಿಯಿಂದ ದೂರದಲ್ಲೇ, ಅವಳ ಕಣ್ಣಿನ ಎತ್ತರಕ್ಕೆ ಹಿಡಿದು ಸುಮ್ಮನೆ ಕುಳಿತರು. ಬಹಳ ಹೊತ್ತು ಕುಳಿತರು. ಮಗು ಮುಂದಕ್ಕೆ ಬಾಗಿ, ತಾನೇ ಬಾಯಿ ತೆರೆದಳು.

"ಬಾಗ್ಲಲ್ಲಿ ನಿಂತಿರೋರ್ನ ಒಳಗೋಗಿ ಒಳಗೋಗಿ ಅಂತ ನೂಕ್ತಿದ್ದೆ ಕಣವ್ವ" ಎಂದರು ಅವರು, ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ. "ನೂಕುದ್ರೆ ಬೀಳ್ತಾರೆ. ಬಸ್ಸು ನಿಲ್ಸಿ ಸುಮ್ಕಿದ್ರೆ, ಬೇಕಾದೋರು ತಾವೇ ಅತ್ಕತಾರೆ."

ರಾಜೀನಾಮೆಯ ಮಾತು ಮನೆಯಲ್ಲಿ ಮತ್ತೆ ಬರಲಿಲ್ಲ. ಮುಂದಿನ ಸಲ ತಕ್ಕಡಿಯ ಮುಳ್ಳು ಸರಿದಾಗ ಮಾವನವರು ಡಾಕ್ಟರಮ್ಮನಿಗೆ ತಾವು ಮಾಡಿದ್ದನ್ನೆಲ್ಲ, ಕರುವಿನ ಸಮೇತ, ಮುಚ್ಚಿಡದೆ ಹೇಳಿದರು. ಡಾಕ್ಟರಮ್ಮ ಬಿದ್ದೂ ಬಿದ್ದೂ ನಕ್ಕು, "ಕರುವನ್ನೂ ಒಂದ್ಸಲ ಕರ್ಕೊಂಡು ಬನ್ನಿ, ತೂಕ ನೋಡೋಣ" ಎಂದರು.

ಅಲ್ಲಿಂದ ಮುಂದೆ ಅವರ ಅಡುಗೆಗೆ ಒಂದು ಗತ್ತು ಬಂದಿತು. ಗೆಣಸಿಗೆ ಬೀನ್ಸ್ ಸೇರಿತು, ಬೀಟ್ರೂಟಿಗೆ ಸೇಬು. ಪಪ್ಪಾಯಿಯನ್ನೂ ಸಪೋಟವನ್ನೂ ಬೀಜ ತೆಗೆದು ಚಮಚದ ಬೆನ್ನಿನಿಂದಲೇ ಮಸೆಯುತ್ತಿದ್ದರು. ದಿನದಿಂದ ದಿನಕ್ಕೆ ಕಡೆಗೋಲು ತಿರುಗಿಸುವುದನ್ನು ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಿ, ಮಗುವಿಗೆ ತಿಳಿಯದಂತೆಯೇ ಊಟವನ್ನು ತರಿತರಿಯಾಗಿಸುತ್ತ ಹೋದರು. ಬೀಟ್ರೂಟು ಕೊಟ್ಟ ಮೊದಲ ದಿನ ಮಾತ್ರ ಒಂದು ಪ್ರಮಾದವಾಯಿತು. ಮಧ್ಯಾಹ್ನ ಮಗುವಿನ ಬಟ್ಟೆ ಬದಲಿಸುವಾಗ ಕೆಂಪು ಬಣ್ಣ ಕಂಡು ಗಾಬರಿಯಾಗಿ, ನನ್ನ ಕಚೇರಿಗೆ ಫೋನ್ ಮಾಡಿ, "ಮಗಾ, ಎಲ್ಲಿದ್ರೂ ಇಳಿದು ಬಾ" ಎಂದಿದ್ದರು. ನಾನು ಅಳುತ್ತ ಬಸ್ ನಿಲ್ದಾಣ ತಲುಪುವಷ್ಟರಲ್ಲಿ ಇನ್ನೊಂದು ಫೋನ್. ಈ ಬಾರಿ ಜವರಮ್ಮನ ಧ್ವನಿ. "ಏನಿಲ್ಲ ಕಣವ್ವ, ನಿಮ್ಮಾವ ಬೆಳ್ಗೆ ತಿನ್ಸಿದ್ದೇ ಈಗ ಬಂದಿರಾದು. ನೀ ವಾಪಸ್ ಓಗು. ಇಲ್ಲಿ ನಿಮ್ಮಾವನ್ಗೇ ನೀರು ಕುಡಿಸ್ತಾ ಇವ್ನಿ."

ಬಾಳೆಹಣ್ಣಿನ ವಿಚಾರವನ್ನು ಉಲ್ಲೇಖಿಸದಿದ್ದರೆ ಈ ಚಿತ್ರ ಅಪೂರ್ಣವಾಗುತ್ತದೆ. ಮೊಮ್ಮಗಳು ತಿನ್ನುವ ಮೊದಲ ಬಾಳೆಹಣ್ಣು ನಂಜನಗೂಡು ರಸಬಾಳೆಯೇ ಆಗಬೇಕೆಂಬುದು ಅವರ ಹಟ. ಈಗ ಅದು ಸುಲಭವಾಗಿ ಸಿಗುವ ವಸ್ತುವಲ್ಲ. ಹೆಸರು ಹೇಳಿ ಬೇರೆ ಹಣ್ಣು ಮಾರುವವರೇ ಹೆಚ್ಚು. ಮಾವನವರು ನಂಜನಗೂಡಿನ ಅಂಗಡಿಗಳನ್ನೆಲ್ಲ ಸುತ್ತಿ, ಪ್ರತಿಯೊಂದು ಕಡೆ ಒಂದು ಹಣ್ಣು ಸುಲಿದು ತಿಂದು, "ಇದಲ್ಲ" ಎಂದು ತೀರ್ಪು ನೀಡಿ ಬರುತ್ತಿದ್ದರು. ಕೊನೆಗೆ ಅವರ ಬಸ್ಸಿನಲ್ಲಿ ವರ್ಷಗಟ್ಟಲೆ ಓಡಾಡಿದ್ದ ಹಳೆಯ ಪ್ರಯಾಣಿಕರೊಬ್ಬರ ಹಿತ್ತಲಿನಲ್ಲಿ ಅದು ಇದೆಯೆಂದು ತಿಳಿಯಿತು. ಆ ಹಿತ್ತಲು ಇದ್ದದ್ದು ತಿ. ನರಸೀಪುರದ ಆಚೆ.

ಒಂದು ಶನಿವಾರ, ಮಗುವನ್ನು ಮಹೇಶ್ ಅವರಿಗೆ ಒಪ್ಪಿಸಿ, ನನ್ನ ಜೊತೆಗೇ ಬಸ್ ಹತ್ತಿದರು. ಸೀಟು ಖಾಲಿಯಿದ್ದರೂ ಕೂರದೆ, ದಾರಿಯುದ್ದಕ್ಕೂ ಕಂಡಕ್ಟರ್ ಹುಡುಗಿಗೆ ಯಾವ ತಿರುವಿನಲ್ಲಿ ಯಾವ ಕಂಬ ಹಿಡಿಯಬೇಕೆಂದು ಹೇಳಿಕೊಡುತ್ತಿದ್ದರು. ಆಕೆ, "ಗೊತ್ತು ತಾತ, ನಂಗೂ ಕೆಲ್ಸ ಸಿಕ್ಕಿ ಎಂಟೊರ್ಸ ಆಯ್ತು, ನೀವ್ ಕೂತ್ಕಂಡು ನಂಗೊಂದು ಉಪ್ಕಾರ ಮಾಡಿ" ಎಂದಳು. ಸಂಜೆ ಹಿಂದಿರುಗುವಾಗ ಅವರ ಪಂಚೆಯ ಮಡಿಲಲ್ಲಿ ಪುಟ್ಟದೊಂದು ಚಿಪ್ಪು ಹಣ್ಣಿತ್ತು. ತೆಳು ಸಿಪ್ಪೆ, ದಪ್ಪ ಪರಿಮಳ. ಬಸ್ಸಿನವರೆಲ್ಲ ತಿರುಗಿ ನೋಡಿದರು.

"ನಂಜನಗೂಡು ಬಾಳೆ ತರಕ್ಕೆ ನರಸೀಪುರ್‌ಕೋಗಿದ್ರಾ!" ಎಂದು ಜವರಮ್ಮ ಬೇಲಿ ಹಿಡಿದುಕೊಂಡು ನಕ್ಕರು.

"ಟ್ರಾನ್ಸ್‌ಫರ್ ಆಗಿತ್ತು" ಎಂದರು ಮಾವನವರು, ಗಂಭೀರವಾಗಿ.

ಮಗು ಆ ಹಣ್ಣನ್ನು ತಿಂದಳೇ ಎಂದು ಯಾರಾದರೂ ಕೇಳಬಹುದು. ಒಂದು ಚಮಚ ತಿಂದು, ಉಳಿದದ್ದನ್ನು ಅಜ್ಜನ ಮೊಣಕಾಲಿಗೆ ಸವರಿದಳು. ಅವರು ಮೊಣಕಾಲನ್ನು ಮೂಸಿ ನೋಡಿ, "ಸವರ್ಕಂಡ್ರೂ ರಸಬಾಳೆ ರಸಬಾಳೇನೇ" ಎಂದರು.

ಮಗುವಿಗೆ ವರ್ಷ ತುಂಬುವ ವೇಳೆಗೆ ಬೀದಿಯ ಇತರ ತಾಯಂದಿರೂ ನಮ್ಮ ಹಿತ್ತಲಿಗೆ ಬರತೊಡಗಿದ್ದರು. ಜವರಮ್ಮನ ಮಗಳು ಹೆರಿಗೆಗೆಂದು ತವರಿಗೆ ಬಂದಾಗ, ಅವಳ ಮಗುವಿಗೆ ಆರು ತಿಂಗಳಾಗುವುದನ್ನೇ ಕಾದಿದ್ದು ಮಾವನವರು ಬೇಲಿಯ ಮೇಲಿಂದ ಆದೇಶಗಳನ್ನು ನೀಡುತ್ತಿದ್ದರು. ಆ ಆದೇಶಗಳಲ್ಲಿ ಮೊದಲನೆಯದು ಯಾವಾಗಲೂ ತಮ್ಮ ತಪ್ಪೇ ಆಗಿರುತ್ತಿತ್ತು: "ಬಟ್ಟೇಲಿ ಮಾತ್ರ ಸೋಸ್ಬ್ಯಾಡಿ ಕಣ್ರವ್ವ. ನಾನ್ ಸೋಸಿ ಕೆಟ್ಟಿವ್ನಿ." ತನ್ನ ತಪ್ಪನ್ನು ಇಷ್ಟು ಧಾರಾಳವಾಗಿ ಹಂಚಿದ ಇನ್ನೊಬ್ಬರನ್ನು ನಾನು ಕಂಡಿಲ್ಲ. ನನ್ನ ಪ್ರೊಬೇಷನ್ ತೃಪ್ತಿಕರವಾಗಿ ಮುಗಿದು ಕೆಲಸ ಖಾಯಂ ಆದ ದಿನ ಸಿಹಿ ಹಂಚಿದವರೂ ಅವರೇ. ಯಾರದು ಖಾಯಂ ಆಯಿತು ಎಂದು ಕೇಳಿದವರಿಗೆ, "ನಮ್ದು" ಎಂದಿದ್ದರಂತೆ.

ಮಗುವಿಗೆ ಎರಡು ತುಂಬುವ ಮೊದಲು, ಒಂದು ಕೆಲಸದ ದಿನದ ಮಧ್ಯಾಹ್ನ, ಮಾವನವರು ತೀರಿಕೊಂಡರು. ಮಗುವಿಗೆ ಊಟ ಮಾಡಿಸಿ, ಬಾಯಿ ಒರೆಸಿ, ಜವರಮ್ಮನ ಮಡಿಲಲ್ಲಿ ಕೂರಿಸಿ, "ಯಾಕೋ ವಸಿ ಅಡ್ಡಾಗ್ತೀನಿ" ಎಂದು ಚಾಪೆ ಹಾಸಿಕೊಂಡಿದ್ದರಂತೆ. ಹಗಲಿನಲ್ಲಿ ಅವರು ಮಲಗಿದ್ದನ್ನು ಎಂದೂ ಕಂಡಿರದ ಜವರಮ್ಮನಿಗೆ ಆಗಲೇ ಸಂಶಯ ಬಂದಿತ್ತಂತೆ. ಆಸ್ಪತ್ರೆ ತಲುಪುವಷ್ಟರಲ್ಲಿ ಎಲ್ಲವೂ ಮುಗಿದಿತ್ತು. ನಾನು ಮನೆಗೆ ಬಂದಾಗ ಜವರಮ್ಮ ಅಳುತ್ತಲೇ ನನಗೆ ಮೊದಲು ಹೇಳಿದ ಮಾತು, "ಮಗ ಉಂಡದೆ ಕಣವ್ವ. ಉಣ್ಸೇ ಮಲ್ಗುದ್ರು" ಎಂಬುದಾಗಿತ್ತು.

ನಾನು ಮಾವನವರನ್ನು ಕೊನೆಯ ಬಾರಿ ನೋಡಿದ್ದು ಆ ಬೆಳಿಗ್ಗೆ. ಜಗಲಿಯ ಮೇಲೆ ಅವರೂ ಮಗುವೂ ಎದುರುಬದುರು ಕುಳಿತಿದ್ದರು. ನಡುವೆ ತಟ್ಟೆಯಲ್ಲಿ ಪಪ್ಪಾಯಿ ಹೋಳುಗಳು. ಈಗ ಮಸೆಯುವ ಅಗತ್ಯವಿರಲಿಲ್ಲ. ಮಗು ಒಂದು ಹೋಳನ್ನು ತಾನು ತಿಂದು, ಇನ್ನೊಂದನ್ನು ಅಜ್ಜನ ಬಾಯಿಗೆ ತುರುಕುತ್ತಿದ್ದಳು.

"ಸಾಕು ಕಣವ್ವ, ನನ್ ಒಟ್ಟೆ ತುಂಬ್ತು."

"ತಿನ್ನು."

"ನಿಂಗೆ?"

"ತಿನ್ನು ತಾತ."

"ಹೋಗಿ ಬರ್ತೀನಿ ಮಾವ" ಎಂದೆ. "ಪುಟ್ಟೀ, ಅಮ್ಮ ಹೋಗ್ಬರ್ತೀನಿ" ಎಂದು ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ ಹೇಳಿದೆ. ಬೀಜವೊಂದು ತಟ್ಟೆಯಿಂದ ಜಾರಿ ಉರುಳಿತ್ತು. ಅದು ಎಲ್ಲಿ ನಿಲ್ಲುತ್ತದೆಂದು ಇಬ್ಬರೂ ಬಗ್ಗಿ ನೋಡುತ್ತಿದ್ದರು. ಒಂದು ಕಾಲದಲ್ಲಿ ನಾನು ಹೊರಟರೆ ಬೀದಿಗೆಲ್ಲ ಕೇಳುವಂತೆ ಅಳುತ್ತಿದ್ದ ಮಗು. ನಾನು ಸ್ವಲ್ಪ ಹೊತ್ತು ಗೇಟಿನ ಬಳಿ ನಿಂತೆ. ಇಬ್ಬರೂ ತಲೆ ಎತ್ತಲಿಲ್ಲ. ಅವರ ಗಮನ ಕೆಡದಂತೆ ಚಿಲಕವನ್ನು ಮೆಲ್ಲಗೆ ಹಾಕಿ, ನಾನು ಕೆಲಸಕ್ಕೆ ಹೊರಟೆ.